ಮೊದಲ ಅಧಿಸೂಚನೆಯ ನಂತರ

ಊರಂಚಿನ ಹೊಲಗಳಲ್ಲಿ ಬಡಾವಣೆ ಶುರುವಾಗುವುದು ರಾಜ್ಯಪತ್ರದ ಪುಟಗಳಲ್ಲಿ. ಹಳ್ಳಿಯ ಹೆಸರು, ಸರ್ವೆ ನಂಬರು, ಖಾತೆದಾರರ ಹೆಸರು, ಎಕರೆ-ಗುಂಟೆ ಲೆಕ್ಕ ಇಷ್ಟನ್ನು ಕೋಷ್ಟಕದಲ್ಲಿ ಅಚ್ಚು ಹಾಕಿದ ಆ ಪ್ರಕಟಣೆಗೆ ಪ್ರಾಥಮಿಕ ಅಧಿಸೂಚನೆ ಎಂದು ಹೆಸರು. ಅದು ಪ್ರಕಟವಾದ ದಿನ ಹೊಲದಲ್ಲಿ ಏನೂ ಬದಲಾಗುವುದಿಲ್ಲ. ರಾಗಿ ಪೈರು ಹಾಗೇ ನಿಂತಿರುತ್ತದೆ, ಪಹಣಿಯಲ್ಲಿ ರೈತನ ಹೆಸರೇ ಇರುತ್ತದೆ. ಆದರೆ ಸುದ್ದಿ ಹರಡಿದ ಮೇಲೆ ಬ್ಯಾಂಕಿನವರು ಆ ಜಮೀನಿನ ಮೇಲೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಕೊಳ್ಳಲು ಬಂದವರು ಅರ್ಧ ಬೆಲೆಗೆ ಕೇಳುತ್ತಾರೆ. ಹೊಸ ಕೊಳವೆಬಾವಿ ಕೊರೆಸಬೇಕೆಂದಿದ್ದವರು ಸುಮ್ಮನಾಗುತ್ತಾರೆ, ಮಗಳ ಮದುವೆಗೆ ಹತ್ತು ಗುಂಟೆ ಮಾರಿದರಾಯಿತು ಅಂದುಕೊಂಡಿದ್ದವರು ಬೇರೆ ದಾರಿ ಹುಡುಕುತ್ತಾರೆ. ಜಮೀನು ರೈತನದೇ, ಆದರೆ ಅದನ್ನು ತನ್ನದೆಂದು ಬಳಸುವ ಧೈರ್ಯ ಅವನಿಗಿಲ್ಲ. ಈ ಸ್ಥಿತಿ ಎಷ್ಟು ದಿನ ಇರಬಹುದು ಎಂದು ಕೇಳಿದರೆ, ಬೆಂಗಳೂರಿನ ಮಟ್ಟಿಗೆ ಕಾನೂನಿನಲ್ಲಿ ಅದಕ್ಕೆ ಉತ್ತರವಿಲ್ಲ. ಹೊಸ ಬಡಾವಣೆಗಳ ಬಗ್ಗೆ ನಡೆಯುವ ಚರ್ಚೆಯಲ್ಲಿ ಪರಿಹಾರದ ಮೊತ್ತ, ನಿವೇಶನದ ದರ, ಭ್ರಷ್ಟಾಚಾರ ಎಲ್ಲವೂ ಬರುತ್ತವೆ. ಈ ಕಾಲದ ವಿಷಯ ಮಾತ್ರ ಬರುವುದಿಲ್ಲ. ಉಳಿದ ಬಹುಪಾಲು ಸಂಕಟಗಳು ಹುಟ್ಟುವುದೇ ಅಲ್ಲಿಂದ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಯಲಹಂಕದ ಆಚೆಗೆ, ದೊಡ್ಡಬಳ್ಳಾಪುರ ರಸ್ತೆಗೂ ಹೆಸರಘಟ್ಟ ರಸ್ತೆಗೂ ನಡುವೆ ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ, ಗುಣಿ ಅಗ್ರಹಾರ, ಬ್ಯಾಲಕೆರೆ, ರಾಮಗೊಂಡನಹಳ್ಳಿ ಮೊದಲಾದ ಹಳ್ಳಿಗಳಿವೆ. ಇಂಥ 17 ಹಳ್ಳಿಗಳಲ್ಲಿ 3,546 ಎಕರೆ 12 ಗುಂಟೆ ಜಮೀನು ಬೇಕೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್ 30ರಂದು. ಬಡಾವಣೆಗೆ ಇಟ್ಟ ಹೆಸರು ಡಾ. ಕೆ. ಶಿವರಾಮ ಕಾರಂತರದು. ಅಂತಿಮ ಅಧಿಸೂಚನೆ ಬಂದದ್ದು 2018ರ ಅಕ್ಟೋಬರ್ 30ರಂದು. ಎರಡರ ನಡುವೆ ಹತ್ತು ವರ್ಷಕ್ಕೆ ಎರಡೇ ತಿಂಗಳು ಕಡಿಮೆ. ಮೊದಲ ಅಧಿಸೂಚನೆಯ ವರ್ಷ ಒಂದನೇ ತರಗತಿಗೆ ಸೇರಿದ್ದ ಆ ಹಳ್ಳಿಗಳ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿದರೂ ತಮ್ಮ ಮನೆಯ ಜಮೀನು ಉಳಿಯುತ್ತದೋ ಹೋಗುತ್ತದೋ ಅವರಿಗೆ ಗೊತ್ತಿರಲಿಲ್ಲ.

ಹೀಗಾಗಲು ಸಾಧ್ಯವಾದದ್ದು ಹೇಗೆಂದು ತಿಳಿಯಲು 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಒಳಗೆ ಸ್ವಲ್ಪ ಹೊಕ್ಕು ನೋಡಬೇಕು. ಪ್ರಾಧಿಕಾರ ಮೊದಲು ಬಡಾವಣೆಯ ಯೋಜನೆ ಸಿದ್ಧಪಡಿಸುತ್ತದೆ. 17ನೇ ಕಲಮಿನಡಿ ಪ್ರಾಥಮಿಕ ಅಧಿಸೂಚನೆ ಪ್ರಕಟಿಸಿ, ಕಂದಾಯ ದಾಖಲೆಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ನೋಟಿಸು ಕೊಡುತ್ತದೆ. ನೋಟಿಸು ತಲುಪಿದ 30 ದಿನಗಳೊಳಗೆ ಆಕ್ಷೇಪಣೆ ಹೇಳಬಹುದು. ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆ ಯೋಜನೆ ಸರ್ಕಾರದ ಮುಂದೆ ಹೋಗುತ್ತದೆ. ಸರ್ಕಾರ ಮಂಜೂರಾತಿ ಕೊಟ್ಟರೆ 19ನೇ ಕಲಮಿನಡಿ ಅಂತಿಮ ಅಧಿಸೂಚನೆ. ಆನಂತರ ಪರಿಹಾರದ ಐತೀರ್ಪು, ಸ್ವಾಧೀನ, ರಸ್ತೆ, ಚರಂಡಿ, ನಿವೇಶನಗಳ ವಿಂಗಡಣೆ, ಹಂಚಿಕೆ.

ಇದರಲ್ಲಿ ಕಾಲಮಿತಿ ಎಲ್ಲೆಲ್ಲಿದೆ? ರೈತನಿಗೆ ಇದೆ, 30 ದಿನ. ಪ್ರಾಧಿಕಾರಕ್ಕೂ ಒಂದಿದೆ. ಅಂತಿಮ ಅಧಿಸೂಚನೆ ಬಂದ ಐದು ವರ್ಷದೊಳಗೆ ಯೋಜನೆಯನ್ನು ಗಣನೀಯವಾಗಿ ಜಾರಿ ಮಾಡದಿದ್ದರೆ ಅದು ಬಿದ್ದುಹೋಗುತ್ತದೆ ಎಂದು 27ನೇ ಕಲಮು ಹೇಳುತ್ತದೆ. ಆದರೆ ಮೊದಲ ಅಧಿಸೂಚನೆಯಿಂದ ಅಂತಿಮ ಅಧಿಸೂಚನೆಯವರೆಗೆ ಎಷ್ಟು ಕಾಲ ಹಿಡಿಯಬಹುದು ಎಂಬುದರ ಬಗ್ಗೆ ಕಾಯ್ದೆ ಮೌನವಾಗಿದೆ. 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯ ನಂತರ ಈ ಅಂತರಕ್ಕೆ ಒಂದು ವರ್ಷದ ಗಡುವಿತ್ತು. 2013ರ ಹೊಸ ಕಾಯ್ದೆಯಲ್ಲೂ ಹನ್ನೆರಡು ತಿಂಗಳ ಗಡುವಿದೆ. ಬಿಡಿಎ ಕಾಯ್ದೆ ತನ್ನಷ್ಟಕ್ಕೆ ತಾನೇ ಪೂರ್ಣವಾದ ಬೇರೆ ಕಾನೂನು, ಭೂಸ್ವಾಧೀನ ಕಾಯ್ದೆಯ ಆ ಗಡುವುಗಳು ಇದಕ್ಕೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಶಿವಮೊಗ್ಗದಂಥ ನಗರಗಳ ಪ್ರಾಧಿಕಾರಗಳು ನಡೆಯುವುದು 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಮೇಲೆ. ಅದರ ಚೌಕಟ್ಟೂ ಹೆಚ್ಚುಕಡಿಮೆ ಇದೇ. ಹಾಗಾಗಿ ಇದು ರಾಜಧಾನಿಯೊಂದರ ಕಥೆ ಎಂದು ಬೇರೆ ಊರಿನವರು ಪಕ್ಕಕ್ಕಿಡುವಂತಿಲ್ಲ.

ಗಡುವಿಲ್ಲದ ಆ ಹತ್ತು ವರ್ಷಗಳಲ್ಲಿ ಏನೇನಾಯಿತು ನೋಡಿ. ಅಧಿಸೂಚನೆಯಲ್ಲಿದ್ದ ಜಮೀನುಗಳಲ್ಲಿ ಕೆಲವನ್ನು ಕೈಬಿಡುವ ಪ್ರಯತ್ನಗಳು ಮೊದಲಾದವು. ಕನ್ನಡದ ರಾಜಕೀಯ ಮಾತಿನಲ್ಲಿ ಡಿನೋಟಿಫಿಕೇಶನ್ ಎಂದು ಮನೆಮಾತಾಗಿರುವುದು ಇದೇ. ಯಾರ ಸರ್ವೆ ನಂಬರು ಪಟ್ಟಿಯಿಂದ ಹೊರಗೆ ಬರುತ್ತದೆ, ಯಾರದು ಒಳಗೇ ಉಳಿಯುತ್ತದೆ ಎಂಬುದು ಪ್ರಭಾವದ ಪ್ರಶ್ನೆಯಾಯಿತು. ಇನ್ನೊಂದು ಕಡೆ ಭೂಮಾಲೀಕರು ಹೈಕೋರ್ಟಿಗೆ ಹೋದರು. ಇಷ್ಟು ವರ್ಷ ಅಂತಿಮ ಅಧಿಸೂಚನೆ ಹೊರಡಿಸದೆ ಕೂತ ಯೋಜನೆ ಉಳಿಯಲಾರದೆಂದು ಹೈಕೋರ್ಟ್ ಪ್ರಾಥಮಿಕ ಅಧಿಸೂಚನೆಯನ್ನು ರದ್ದು ಮಾಡಿತು. ಬಿಡಿಎ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಬದಿಗೆ ಸರಿಸಿ, ಮೂರು ತಿಂಗಳೊಳಗೆ ಅಂತಿಮ ಅಧಿಸೂಚನೆ ಹೊರಡಿಸಲು ಆದೇಶ ಕೊಟ್ಟಿತು. ಜಮೀನು ಕೈಬಿಡುವ ಪ್ರಯತ್ನಗಳಲ್ಲಿ ನಡೆದ ಅಕ್ರಮಗಳ ವಿಚಾರಣೆಯನ್ನು ನಿವೃತ್ತ ನ್ಯಾಯಮೂರ್ತಿ ಕೆ.ಎನ್. ಕೇಶವನಾರಾಯಣ ಅವರಿಗೆ ಒಪ್ಪಿಸಿತು.

ತಡ ಮಾಡಿದ ಅಧಿಕಾರಿಗಳ ತಪ್ಪಿನಿಂದ ಪ್ರಭಾವಿಗಳಿಗೆ ಲಾಭವಾಗಬಾರದು ಎಂಬ ಸುಪ್ರೀಂ ಕೋರ್ಟಿನ ಕಾಳಜಿ ನನಗೆ ಅರ್ಥವಾಗುತ್ತದೆ. ಯೋಜನೆ ಬಿದ್ದುಹೋದರೆ ಸಂಭ್ರಮಿಸುವವರು ಸಣ್ಣ ರೈತರಿಗಿಂತ ಹೆಚ್ಚಾಗಿ, ಆ ಹೊತ್ತಿಗೆ ಜಮೀನಿನ ಮೇಲೆ ಕರಾರು ಮಾಡಿಕೊಂಡ ದೊಡ್ಡ ಕುಳಗಳು. ಆದರೂ ಒಂದು ಮಾತು ಹೇಳಲೇಬೇಕು. ವಿಳಂಬದ ಭಾರ ಕೊನೆಗೆ ಬಿದ್ದದ್ದು ವಿಳಂಬ ಮಾಡಿದವರ ಮೇಲಲ್ಲ. ಅದು ಯಾರ ಯಾರ ಹೆಗಲಿಗೆ ಬಿತ್ತು ಎಂದು ಒಂದೊಂದಾಗಿ ನೋಡಬೇಕು.

ಮೊದಲನೆಯವರು ಆ ಹಳ್ಳಿಗಳಲ್ಲಿ ನಿವೇಶನ ಕೊಂಡು ಮನೆ ಕಟ್ಟಿದವರು. ಹೈಕೋರ್ಟು ಅಧಿಸೂಚನೆಯನ್ನು ರದ್ದು ಮಾಡಿದೆ, ಇನ್ನು ಭಯವಿಲ್ಲ ಎಂಬ ಮಾತು ಹಬ್ಬಿದಾಗ ರೆವಿನ್ಯೂ ಸೈಟುಗಳ ವ್ಯಾಪಾರ ಬಿರುಸಾಯಿತು. ರೆವಿನ್ಯೂ ಸೈಟು ಅಂದರೆ ಭೂಪರಿವರ್ತನೆಯಾಗದ, ನಕ್ಷೆಗೆ ಅನುಮೋದನೆ ಇಲ್ಲದ ಕೃಷಿ ಜಮೀನನ್ನು ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಮೂವತ್ತು-ನಲವತ್ತರ ತುಂಡು ಮಾಡಿ ಮಾರುವುದು. ಕೊಂಡವನ ಕೈಗೆ ಸಿಗುವುದು ಕ್ರಯಪತ್ರ ಅಥವಾ ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ), ಜೊತೆಗೆ ಪಂಚಾಯಿತಿಯ ಕಂದಾಯ ರಸೀದಿ. ಜಿಪಿಎ ಮೂಲಕ ಮಾಲೀಕತ್ವ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕಂದಾಯ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಹಕ್ಕಿಗೆ ಅಲ್ಲ. ಇದೆಲ್ಲ ಗೊತ್ತಿದ್ದೂ ಜನ ಕೊಳ್ಳುತ್ತಾರೆ. ಗಾರ್ಮೆಂಟ್ಸ್ ಕೆಲಸದವರು, ಆಟೊ ಓಡಿಸುವವರು, ಸಣ್ಣ ಅಂಗಡಿ ಇಟ್ಟವರು ಕಷ್ಟಪಟ್ಟು ಕೂಡಿಟ್ಟ ದುಡ್ಡಿಗೆ ನಗರದಲ್ಲಿ ಸಿಗುವ ಕಾನೂನುಬದ್ಧ ನಿವೇಶನ ಯಾವುದಿದೆ? ಸರ್ಕಾರದ ಬಡಾವಣೆ ಹತ್ತು ವರ್ಷ ಕಾಗದದಲ್ಲಿ ಕೂತಾಗ ಆ ಖಾಲಿ ಜಾಗವನ್ನು ರೆವಿನ್ಯೂ ಸೈಟುಗಳೇ ತುಂಬುತ್ತವೆ.

2018ರ ತೀರ್ಪಿನ ನಂತರ ಈ ಮನೆಗಳ ಮುಂದೆ ನೆಲಸಮದ ಭಯ ನಿಂತಿತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ನೇತೃತ್ವದಲ್ಲಿ ಸಮಿತಿ ರಚಿಸಿತು. 2018ರ ಆಗಸ್ಟ್ 3ಕ್ಕೆ ಮುಂಚೆ ಕಟ್ಟಿದ ಮನೆಗಳ ದಾಖಲೆ ಪರಿಶೀಲಿಸಿ, ಯಾವುದನ್ನು ಸಕ್ರಮ ಮಾಡಬಹುದು ಎಂದು ಶಿಫಾರಸು ಮಾಡುವ ಕೆಲಸ ಅದರದು. ಸಾವಿರಾರು ಕುಟುಂಬಗಳು ವಿದ್ಯುತ್ ಬಿಲ್ಲು, ಕಂದಾಯ ರಸೀದಿ, ಮನೆಯ ಫೋಟೊ ಹಿಡಿದು ಅರ್ಜಿ ಹಾಕಿದವು. ಬಹಳಷ್ಟು ಮನೆಗಳು ಉಳಿದವು. ಸಮಿತಿ ಇಲ್ಲದಿದ್ದರೆ ಆಗುತ್ತಿದ್ದ ಅನಾಹುತ ದೊಡ್ಡದು. ಆದರೆ ಮನೆಗಳನ್ನು ಉಳಿಸಿದಷ್ಟೂ ಬಡಾವಣೆಯ ನಕ್ಷೆ ಇಲಿ ಕಡಿದ ಕಂಬಳಿಯಂತಾಗುತ್ತದೆ. ನೇರ ಹೋಗಬೇಕಿದ್ದ ರಸ್ತೆ ತಿರುವು ತೆಗೆದುಕೊಳ್ಳುತ್ತದೆ, ಒಳಚರಂಡಿಯ ಇಳಿಜಾರು ಕೂಡಿಬರುವುದಿಲ್ಲ, ಉದ್ಯಾನಕ್ಕೆ ಗುರುತಿಸಿದ ಜಾಗ ಬೇರೆ ಕಡೆ ಹೋಗುತ್ತದೆ. ಮನೆ ಉಳಿಸಿದ್ದು ತಪ್ಪಲ್ಲ. ಮನೆ ಏಳುವಷ್ಟು ಕಾಲ ಕಾದದ್ದು ತಪ್ಪು.

ಎರಡನೆಯವರು ಜಮೀನು ಕಳೆದುಕೊಂಡ ರೈತರು. ಇಲ್ಲಿ ಲೆಕ್ಕವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಪತ್ರಿಕೆಗಳಲ್ಲಿ ಬರುವ ಕೋಟಿಗಳ ಅಂಕಿಯಲ್ಲಿ ಅದು ಕಾಣುವುದಿಲ್ಲ. ಬಿಡಿಎ ಸ್ವಾಧೀನಕ್ಕೆ 2013ರ ಭೂಸ್ವಾಧೀನ ಕಾಯ್ದೆ ಅನ್ವಯವಾಗುವುದಿಲ್ಲ, ಹಳೆಯ 1894ರ ಕಾಯ್ದೆಯ ಪರಿಹಾರದ ನಿಯಮಗಳೇ ಮುಂದುವರಿಯುತ್ತವೆ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಳೆಯ ಕಾಯ್ದೆಯ ಪ್ರಕಾರ ಜಮೀನಿನ ಬೆಲೆ ಕಟ್ಟುವುದು ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ದಿನದ ಮಾರುಕಟ್ಟೆ ದರಕ್ಕೆ. ಅದರ ಮೇಲೆ ಶೇ 30ರಷ್ಟು ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಸಾಂತ್ವನ ಮೊತ್ತ), ಐತೀರ್ಪು ಅಥವಾ ಸ್ವಾಧೀನದ ದಿನದವರೆಗೆ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತ. ಆ ಶೇ 12 ಚಕ್ರಬಡ್ಡಿಯಲ್ಲ. ಕೋರ್ಟಿನ ತಡೆಯಾಜ್ಞೆ ಇದ್ದ ಅವಧಿಗೆ ಅದೂ ಇಲ್ಲ.

ಒಂದು ತುಂಡು ಜಮೀನಿಗೆ ಅಧಿಸೂಚನೆಯ ದಿನ ಲಕ್ಷ ರೂಪಾಯಿ ಬೆಲೆ ಇತ್ತೆಂದುಕೊಳ್ಳಿ. ಹತ್ತು ವರ್ಷ ಪೂರ್ತಿ ಲೆಕ್ಕಕ್ಕೆ ಸಿಕ್ಕರೂ ರೈತನಿಗೆ ಬರುವುದು ಮೂಲ ಒಂದು ಲಕ್ಷ, ಹೆಚ್ಚುವರಿ ಒಂದು ಲಕ್ಷ ಇಪ್ಪತ್ತು ಸಾವಿರ, ಸೊಲೇಷಿಯಂ ಮೂವತ್ತು ಸಾವಿರ, ಒಟ್ಟು ಎರಡೂವರೆ ಲಕ್ಷ. ಆ ಹತ್ತು ವರ್ಷಗಳಲ್ಲಿ ಬೆಂಗಳೂರಿನ ಅಂಚಿನಲ್ಲಿ ಜಮೀನಿನ ಬೆಲೆ ಎಷ್ಟು ಪಟ್ಟು ಏರಿತೆಂದು ಆ ಭಾಗದವರನ್ನು ಯಾರು ಬೇಕಾದರೂ ಕೇಳಿ ತಿಳಿಯಬಹುದು. ಪರಿಹಾರದ ದುಡ್ಡು ಕೈಗೆ ಬಂದ ದಿನ ಅದರಿಂದ ಅಷ್ಟೇ ಜಮೀನು ಬೇರೆಲ್ಲೋ ಕೊಳ್ಳಲು ಆದರೆ ಮಾತ್ರ ಅದು ಪರಿಹಾರ. ಹತ್ತು ವರ್ಷ ಹಳೆಯ ದರಕ್ಕೆ ಅಂಟಿದ ಮೊತ್ತಕ್ಕೆ ಆ ಶಕ್ತಿ ಇರುವುದಿಲ್ಲ. 2013ರ ಕಾಯ್ದೆ ಅನ್ವಯವಾಗಿದ್ದರೆ ಸೊಲೇಷಿಯಂ ಶೇ 100, ಗ್ರಾಮೀಣ ಪ್ರದೇಶಕ್ಕೆ ಬೆಲೆಯನ್ನು ಎರಡು ಪಟ್ಟಿನವರೆಗೆ ಗುಣಿಸುವ ಅವಕಾಶ ಇರುತ್ತಿತ್ತು. ಒಂದೇ ರಾಜ್ಯದಲ್ಲಿ ಹೆದ್ದಾರಿಗೆ ಜಮೀನು ಕೊಟ್ಟವನಿಗೆ ಒಂದು ಲೆಕ್ಕ, ಬಡಾವಣೆಗೆ ಕೊಟ್ಟವನಿಗೆ ಇನ್ನೊಂದು ಲೆಕ್ಕ ಎಂಬುದನ್ನು ಶಾಸನಸಭೆ ಸರಿಪಡಿಸಬೇಕು. ಕೋರ್ಟು ಇದ್ದ ಕಾನೂನನ್ನು ಓದಿ ಹೇಳಿದೆ. ಕಾನೂನು ಬರೆಯುವವರು ಬೇರೆ.

ದುಡ್ಡಿನ ಬದಲು ಅಭಿವೃದ್ಧಿಪಡಿಸಿದ ನಿವೇಶನಗಳಲ್ಲಿ ಪಾಲು ಕೊಡುವ ಪದ್ಧತಿ ಈಚಿನ ಬಡಾವಣೆಗಳಲ್ಲಿ ಬಂದಿದೆ. ಬೆಂಗಳೂರಿನಲ್ಲಿ ಇದಕ್ಕೆ 60:40 ಎನ್ನುತ್ತಾರೆ. ಕೇಳಿದ ಕೂಡಲೇ ರೈತನಿಗೆ ಜಮೀನಿನ ಶೇ 40 ವಾಪಸು ಬರುತ್ತದೆ ಅನಿಸುತ್ತದೆ. ಹಾಗಲ್ಲ. ಎಕರೆ ಅಂದರೆ 43,560 ಚದರಡಿ. ಇದರಲ್ಲಿ ಶೇ 45 ರಸ್ತೆ, ಉದ್ಯಾನ, ನಾಗರಿಕ ಸೌಕರ್ಯಕ್ಕೆ ಹೋಗಿ, ನಿವೇಶನಕ್ಕೆ ಉಳಿಯುವುದು ಶೇ 55, ಅಂದರೆ 23,958 ಚದರಡಿ. ರೈತನ ಶೇ 40 ಸಿಗುವುದು ಇದರಲ್ಲಿ. ಅದು 9,583 ಚದರಡಿ. ಮೂವತ್ತು-ನಲವತ್ತರ ಎಂಟು ನಿವೇಶನಕ್ಕೆ ಹದಿನೇಳು ಚದರಡಿ ಕಡಿಮೆ. ಎಕರೆಗಟ್ಟಲೆ ಇದ್ದವರಿಗೆ ಇದು ಒಳ್ಳೆಯ ವ್ಯವಸ್ಥೆಯೇ, ದುಡ್ಡಿಗಿಂತ ಖಂಡಿತ ಮೇಲು. ಐದು ಗುಂಟೆಯವರಿಗೆ ಸಿಗುವುದು ಒಂದೇ ನಿವೇಶನ. ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಐದಾರು ಪಾಲುದಾರರಿದ್ದರೆ ಅದನ್ನು ಮಾರಿ ಹಂಚಿಕೊಳ್ಳದೆ ದಾರಿಯಿಲ್ಲ. ಅದೂ ನಿವೇಶನ ಕೈಗೆ ಬಂದ ಮೇಲಿನ ಮಾತು. ಜಮೀನು ಹೋದ ದಿನಕ್ಕೂ ಕ್ರಯಕ್ಕೆ ಯೋಗ್ಯವಾದ ನಿವೇಶನ ಬಂದ ದಿನಕ್ಕೂ ನಡುವಿನ ವರ್ಷಗಳಲ್ಲಿ ಮನೆ ನಡೆಯುವುದು ಹೇಗೆ? ಬೆಳೆ ಇಲ್ಲ, ದುಡ್ಡಿಲ್ಲ, ನಿವೇಶನವೂ ಇಲ್ಲ.

ಯಾವ ಲೆಕ್ಕದಲ್ಲೂ ಸೇರದ ಇನ್ನೊಂದು ಗುಂಪಿದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು, ವಾರಕ್ಕೆ ಅಥವಾ ಗುತ್ತಿಗೆಗೆ ಹಿಡಿದು ಸೊಪ್ಪು, ಹೂವು ಬೆಳೆಯುತ್ತಿದ್ದವರು, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರು. 2013ರ ಕಾಯ್ದೆಯಲ್ಲಿ ಇಂಥ ಕುಟುಂಬಗಳು, ಮೂರು ವರ್ಷದಿಂದ ಅದೇ ಜಮೀನನ್ನು ನಂಬಿ ಬದುಕಿದ್ದರೆ, ಬಾಧಿತ ಕುಟುಂಬದ ವ್ಯಾಖ್ಯೆಯೊಳಗೆ ಬರುತ್ತವೆ. ಸ್ವಾಧೀನಕ್ಕೆ ಮುಂಚೆ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ಆ ಕಾಯ್ದೆ ಬಡಾವಣೆಗೆ ಅನ್ವಯವಾಗದ ಕಾರಣ ಪಹಣಿಯಲ್ಲಿ ಹೆಸರಿಲ್ಲದವರನ್ನು ಯಾರೂ ಕೇಳುವುದೇ ಇಲ್ಲ. ಊರಿನ ಅಂಚಿನಲ್ಲಿ ಇಂಥವರ ಸಂಖ್ಯೆ ಸಣ್ಣದಲ್ಲ. ಬಡಾವಣೆಗೆ ‘ಚೋಮನ ದುಡಿ’ ಬರೆದವರ ಹೆಸರಿಟ್ಟಿರುವಾಗ ಉಳುವ ನೆಲವಿಲ್ಲದವರ ಲೆಕ್ಕ ಮೊದಲು ತೆಗೆಯಬೇಕಿತ್ತು ಎಂದು ನನಗೆ ಅನಿಸುತ್ತದೆ.

ಕಾರಂತ ಬಡಾವಣೆಯೊಂದೇ ಹೀಗಾದದ್ದಲ್ಲ. ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ ಸೇರಿ 16 ಹಳ್ಳಿಗಳ ಅರ್ಕಾವತಿ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಬಂದದ್ದು 2003ರ ಫೆಬ್ರುವರಿಯಲ್ಲಿ, ಅಂತಿಮ ಅಧಿಸೂಚನೆ 2004ರ ಫೆಬ್ರುವರಿಯಲ್ಲಿ, 2,750 ಎಕರೆಗೆ. ಅಲ್ಲಿ ಎರಡು ಅಧಿಸೂಚನೆಗಳ ನಡುವೆ ಒಂದೇ ವರ್ಷ. ಆದರೂ 2005ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಸ್ವಾಧೀನವನ್ನು ರದ್ದು ಮಾಡಿತು, ಅದೇ ವರ್ಷ ವಿಭಾಗೀಯ ಪೀಠ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2010ರ ಮೇ ತಿಂಗಳಲ್ಲಿ. ಸ್ವಾಧೀನ ಉಳಿಯಿತು. ಆದರೆ ಹಸಿರು ವಲಯದ ಜಮೀನು, ಪೂರ್ತಿ ಕಟ್ಟಡಗಳಿರುವ ಜಾಗ, ನರ್ಸರಿ, ಕಾರ್ಖಾನೆ, ಧಾರ್ಮಿಕ ಹಾಗೂ ಶಿಕ್ಷಣ ಸಂಸ್ಥೆಗಳ ಜಾಗ, ಪಕ್ಕದ ಕೈಬಿಟ್ಟ ಜಮೀನಿನಂಥದೇ ಜಮೀನು ಇವುಗಳ ಮಾಲೀಕರು ತಮ್ಮದನ್ನೂ ಬಿಡಿ ಎಂದು ಕೇಳಬಹುದು ಎಂದಿತು ಕೋರ್ಟು. ಕೋರ್ಟಿನ ಉದ್ದೇಶ ತಾರತಮ್ಯ ನಿವಾರಣೆ. ಆ ಬಾಗಿಲಿನಿಂದ ಯಾರು ಯಾರು ಹೊರಬಂದರು ಎಂಬ ವಿವಾದ ಎಷ್ಟು ಬೆಳೆಯಿತೆಂದರೆ 2014ರಲ್ಲಿ ಸರ್ಕಾರ ನ್ಯಾಯಮೂರ್ತಿ ಕೆಂಪಣ್ಣ ಆಯೋಗವನ್ನು ನೇಮಿಸಬೇಕಾಯಿತು. ಹಂಚಿಕೆ ಪತ್ರ ಪಡೆದು, ಪೂರ್ತಿ ದುಡ್ಡು ಕಟ್ಟಿ, ತಮ್ಮ ನಿವೇಶನ ಎಲ್ಲಿದೆ ಎಂದು ಹುಡುಕುತ್ತ ವಯಸ್ಸಾದವರು ಆ ಬಡಾವಣೆಯಲ್ಲಿದ್ದಾರೆ. ವಿಳಂಬದ ಮೂರನೆಯ ಹೆಗಲು ಅವರದು.

ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಅಂತಿಮ ಅಧಿಸೂಚನೆ 2010ರಲ್ಲಿ ಆಗಿ, 2016ರಲ್ಲಿ ಮತ್ತೆ 2018ರಲ್ಲಿ ನಿವೇಶನಗಳ ಹಂಚಿಕೆಯೂ ಆಯಿತು. ನಿವೇಶನ ಇದೆ, ಮನೆ ಕಟ್ಟಲು ನೀರು, ವಿದ್ಯುತ್, ಒಳಚರಂಡಿ ಇಲ್ಲ ಎಂದು ಹಂಚಿಕೆದಾರರು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಮೆಟ್ಟಿಲು ಹತ್ತಿದರು. ಬಿಡಿಎ ನಿವೇಶನವನ್ನು ಸಾಮಾನ್ಯವಾಗಿ ಕೊಡುವುದು ಹತ್ತು ವರ್ಷದ ಲೀಸ್-ಕಮ್-ಸೇಲ್ ಕರಾರಿನ ಮೇಲೆ. ನಿಗದಿತ ಅವಧಿಯಲ್ಲಿ ಮನೆ ಕಟ್ಟಬೇಕು ಎಂಬ ಷರತ್ತು ಅದರಲ್ಲಿರುತ್ತದೆ. ರಸ್ತೆ, ನೀರು ಕೊಡಲು ಪ್ರಾಧಿಕಾರಕ್ಕೆ ಅಂಥ ಷರತ್ತು ಹಾಕುವವರು ಬಹುಕಾಲ ಯಾರೂ ಇರಲಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆ ಸರ್ಕಾರಿ ಪ್ರಾಧಿಕಾರವನ್ನೂ ಪ್ರವರ್ತಕ ಎಂದೇ ಕಾಣುತ್ತದೆ. ಖಾಸಗಿ ಬಿಲ್ಡರಿನಷ್ಟೇ ಅದೂ ಉತ್ತರ ಕೊಡಬೇಕು. ಈ ಕಾಯ್ದೆಯಿಂದ ನಮ್ಮ ಊರಂಚುಗಳಿಗೆ ಆದ ದೊಡ್ಡ ಉಪಕಾರ ಇದು ಎಂದೇ ನಾನು ತಿಳಿದಿದ್ದೇನೆ.

ನೀರಿನ ಮಾತು ಬಂದಾಗ ಬೆಂಗಳೂರಿನ ಒಂದು ಉದಾಹರಣೆಯನ್ನು ಎಲ್ಲ ಊರುಗಳ ಪ್ರಾಧಿಕಾರಗಳೂ ನೆನಪಿಡಬೇಕು. 2007ರಲ್ಲಿ ಸುತ್ತಲಿನ ನಗರಸಭೆಗಳ ಜೊತೆ 110 ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 775 ದಶಲಕ್ಷ ಲೀಟರ್ ನೀರು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ತಂದು, ಸುಮಾರು ಐನೂರು ಮೀಟರ್ ಮೇಲಕ್ಕೆ ಎತ್ತಬೇಕಾದ ನೀರು. ಪಾಲಿಕೆಗೆ ಸೇರಿದ ದಿನಕ್ಕೂ ಕಾವೇರಿ ಬಂದ ದಿನಕ್ಕೂ ನಡುವೆ 17 ವರ್ಷ. ಅಷ್ಟೂ ಕಾಲ ಆ ಪ್ರದೇಶಗಳು ಬದುಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರುಗಳ ಮೇಲೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಗಿ ಬಂತು.

ಕಾರಂತ ಬಡಾವಣೆಯ ಪಕ್ಕದ ಹೆಸರಘಟ್ಟ ಕೆರೆ 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳವೆ ಮೂಲಕ ನೀರು ಕೊಟ್ಟ ಅರ್ಕಾವತಿ ಜಲಾಶಯ. ಆ ಸೀಮೆಯ ಕೆರೆಗಳೂ ಹಳ್ಳಗಳೂ ಒಂದಕ್ಕೊಂದು ಕಾಲುವೆಯಿಂದ ಹೆಣೆದುಕೊಂಡಿವೆ. ಗ್ರಾಮ ನಕ್ಷೆ ಬಿಡಿಸಿ ನೋಡಿದರೆ ರಾಜಕಾಲುವೆ, ಕಾಲುದಾರಿ, ಗುಂಡುತೋಪು, ‘ಬಿ’ ಖರಾಬು ಎಲ್ಲವೂ ಗೆರೆಗೆರೆಯಾಗಿ ಕಾಣುತ್ತವೆ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಕೆರೆಯಿಂದ ಕಟ್ಟಡ ಇಷ್ಟು ದೂರ ಇರಬೇಕೆಂದು ಹಸಿರು ನ್ಯಾಯಮಂಡಳಿ ಹಾಕಿದ್ದ 75 ಮೀಟರ್ ಮಿತಿಯನ್ನು ತೆಗೆದುಹಾಕಿದ ಮೇಲೆ ಬೆಂಗಳೂರಿನಲ್ಲಿ ಉಳಿದದ್ದು ಮಹಾಯೋಜನೆಯ ಲೆಕ್ಕ: ಕೆರೆಯಿಂದ 30 ಮೀಟರ್, ಕಾಲುವೆಯ ದರ್ಜೆ ನೋಡಿ ಅದರ ಮಧ್ಯದಿಂದ 50, 25 ಅಥವಾ 15 ಮೀಟರ್. ಇಂಜಿನಿಯರುಗಳು ನಿವೇಶನ ವಿಂಗಡಿಸುವ ಮೊದಲು ಕಾಲುವೆಯ ಗೆರೆ ಬರೆದರೆ ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗುವುದಿಲ್ಲ. ಬೆಂಗಳೂರಿನ ಹಲವು ಹಳೆಯ ಬಡಾವಣೆಗಳಲ್ಲಿ ಇದು ಆಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರದ ಬಡಾವಣೆಯೇ ಬೇಡ ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪುವುದಿಲ್ಲ. 1898ರ ಪ್ಲೇಗಿನ ನಂತರ ಜನ ಹೋಗಿ ನೆಲೆಸಿದ ಮಲ್ಲೇಶ್ವರ, ಬಸವನಗುಡಿಗಳು ಯೋಜಿಸಿ ಕಟ್ಟಿದ ಬಡಾವಣೆಗಳೇ. ಅಗಲದ ರಸ್ತೆ, ಮರ, ಆಟದ ಮೈದಾನ, ಶಾಲೆಗೆ ಜಾಗ ಇವೆಲ್ಲ ಬಿಡಿಬಿಡಿಯಾಗಿ ತುಂಡು ಮಾಡಿ ಮಾರುವವರಿಂದ ಬರುವುದಿಲ್ಲ. ಬಿಡಿಎ ಕಾಯ್ದೆಯ 16ನೇ ಕಲಮಿನ ಪ್ರಕಾರ ಬಡಾವಣೆಯ ಕನಿಷ್ಠ ಶೇ 15 ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಕನಿಷ್ಠ ಶೇ 10 ನಾಗರಿಕ ಸೌಕರ್ಯಕ್ಕೆ ಮೀಸಲಿಡಲೇಬೇಕು. 3,546 ಎಕರೆಗೆ ಈ ಲೆಕ್ಕ ಹಾಕಿದರೆ ಉದ್ಯಾನ, ಮೈದಾನಕ್ಕೇ 530 ಎಕರೆ ದಾಟುತ್ತದೆ. ಲಾಲ್‌ಬಾಗ್ 240 ಎಕರೆ. ಅಂದರೆ ಎರಡು ಲಾಲ್‌ಬಾಗಿಗಿಂತ ಹೆಚ್ಚು ಹಸಿರು ಕಾನೂನಿನ ಪ್ರಕಾರವೇ ಬರಬೇಕು. ಈ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ ಎಂದು 38-ಎ ಕಲಮು ಕಟ್ಟುನಿಟ್ಟಾಗಿ ಹೇಳುತ್ತದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಹೋರಾಡಿ 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನೆರೆಹೊರೆಯವರಿಗೆ ಉದ್ಯಾನದ ಪರವಾಗಿ ಕೋರ್ಟಿಗೆ ಹೋಗುವ ಹಕ್ಕಿದೆ ಎಂದು ದೇಶಕ್ಕೇ ಹೇಳಿದ ತೀರ್ಪದು. ಆದರೆ ಉದ್ಯಾನದ ಗೆರೆ ನಕ್ಷೆಯಲ್ಲಿದ್ದು ನೆಲದ ಮೇಲೆ ಇಪ್ಪತ್ತು ವರ್ಷ ಖಾಲಿ ಬಿದ್ದರೆ ಅದನ್ನು ಕಾಯುವವರು ಯಾರು? ನಿವಾಸಿಗಳೇ ಇನ್ನೂ ಬಂದಿರುವುದಿಲ್ಲ.

ಹಾಗಾಗಿ ತಿದ್ದುಪಡಿ ಮೊದಲು ಬೇಕಾದದ್ದು ಕಾಲಕ್ಕೆ. ಪ್ರಾಥಮಿಕ ಅಧಿಸೂಚನೆಯಾದ ಒಂದು ವರ್ಷದೊಳಗೆ ಅಂತಿಮ ಅಧಿಸೂಚನೆ ಬರದಿದ್ದರೆ ಯೋಜನೆ ತಾನಾಗಿಯೇ ಬೀಳಬೇಕು ಎಂದು ಬಿಡಿಎ ಕಾಯ್ದೆಯಲ್ಲೂ 1987ರ ಕಾಯ್ದೆಯಲ್ಲೂ ಬರೆಯಬೇಕು. ಆಮೇಲೆ ಜಮೀನು ಬೇಕಿದ್ದರೆ ಹೊಸ ದಿನದ ಬೆಲೆಗೆ ಹೊಸ ಅಧಿಸೂಚನೆ ಹೊರಡಿಸಲಿ. ಹೀಗಾದರೆ ತಡ ಮಾಡಿದಷ್ಟೂ ನಷ್ಟ ಪ್ರಾಧಿಕಾರಕ್ಕೆ ತಟ್ಟುತ್ತದೆ, ರೈತನಿಗಲ್ಲ. ಪ್ರಭಾವಿಗಳು ಬೇಕೆಂದೇ ಗಡುವು ಮೀರಿಸಿ ಯೋಜನೆ ಬೀಳಿಸಬಹುದು ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಅದಕ್ಕೆ ಮದ್ದು, ಕೈಬಿಡುವ ಪ್ರತಿ ಸರ್ವೆ ನಂಬರಿಗೂ ಕಾರಣವನ್ನು ಅಂದೇ ಸಾರ್ವಜನಿಕವಾಗಿ ಪ್ರಕಟಿಸುವುದು ಮತ್ತು ಗಡುವು ತಪ್ಪಿಸಿದ ಅಧಿಕಾರಿಯನ್ನು ಹೆಸರು ಹಿಡಿದು ಹೊಣೆ ಮಾಡುವುದು. ಖಾಸಗಿ ಬಡಾವಣೆಗಳಲ್ಲಿ ರಸ್ತೆ, ಚರಂಡಿ, ನೀರಿನ ಕೆಲಸ ಮುಗಿದಂತೆ ಹಂತಹಂತವಾಗಿ ನಿವೇಶನ ಬಿಡುಗಡೆ ಮಾಡುವ ಪದ್ಧತಿ ಬಹುಕಾಲದಿಂದ ಇದೆ. ಪ್ರಾಧಿಕಾರವೂ ಅದೇ ಶಿಸ್ತು ಪಾಲಿಸಲಿ. ನೀರು ಮತ್ತು ಒಳಚರಂಡಿ ಬರುವ ಮುನ್ನ ಹಂಚಿಕೆ ಪತ್ರ ಕೊಟ್ಟು ಜನರಿಂದ ಪೂರ್ತಿ ದುಡ್ಡು ಕಟ್ಟಿಸಿಕೊಳ್ಳುವುದನ್ನು ನಿಲ್ಲಿಸಲಿ.

ಕಾನೂನು ಬದಲಾಗುವವರೆಗೆ ಊರಂಚಿನ ಹಳ್ಳಿಗಳ ಕೈಲಿರುವುದು ಆ 30 ದಿನ ಮಾತ್ರ. ನೋಟಿಸು ಬಂದ ಮನೆಯವರು ಗಾಬರಿಯಲ್ಲಿ ಅದನ್ನು ಕಳೆದುಕೊಳ್ಳಬಾರದು. ಇತ್ತೀಚಿನ ಪಹಣಿ, ಮ್ಯುಟೇಶನ್ ಪ್ರತಿ, ಟಿಪ್ಪಣಿ, ಆಕಾರಬಂದ್, ಹದ್ದುಬಸ್ತಿನ ನಕ್ಷೆ ತೆಗೆಸಿ. ತಂದೆಯ ಅಥವಾ ತಾತನ ಹೆಸರಲ್ಲೇ ಉಳಿದಿರುವ ಖಾತೆಯನ್ನು ಪೌತಿ ಖಾತೆ ಮಾಡಿಸಲು ಅವತ್ತೇ ಅರ್ಜಿ ಹಾಕಿ, ಪರಿಹಾರದ ದುಡ್ಡು ಕೋರ್ಟಿನಲ್ಲಿ ಕೂರುವುದು ಹೆಚ್ಚಾಗಿ ಇದರಿಂದಲೇ. ಮನೆ, ಬಾವಿ, ಕೊಳವೆಬಾವಿ, ತೆಂಗು, ಮಾವು, ದನದ ಕೊಟ್ಟಿಗೆ ಪ್ರತಿಯೊಂದನ್ನೂ ದಿನಾಂಕ ಬರುವಂತೆ ಫೋಟೊ ತೆಗೆದು ಆಕ್ಷೇಪಣೆಯ ಜೊತೆ ಲಗತ್ತಿಸಿ. ನಿಮ್ಮ ಹೊಲದಲ್ಲಿ ಗುತ್ತಿಗೆಗೆ ಬೆಳೆ ತೆಗೆಯುವವರು, ವರ್ಷಗಳಿಂದ ಕೂಲಿಗೆ ಬರುವವರು ಇದ್ದರೆ ಅವರ ಹೆಸರನ್ನೂ ಅದರಲ್ಲಿ ಬರೆಯಿರಿ. ಬೇರೆ ಯಾವ ಕಾಗದದಲ್ಲೂ ಅವರ ಹೆಸರು ಇರುವುದಿಲ್ಲ. ಕಾಲುವೆ, ಕೆರೆ ಏರಿ, ಸ್ಮಶಾನ, ತೋಪು ನಿಮ್ಮ ಸರ್ವೆ ನಂಬರಿಗೆ ತಾಗಿದ್ದರೆ ಗ್ರಾಮ ನಕ್ಷೆಯ ಪ್ರತಿಯಲ್ಲಿ ಕೆಂಪು ಗುರುತು ಹಾಕಿ ಸೇರಿಸಿ. ಇಡೀ ಊರಿನ ಪರವಾಗಿ ಒಂದೇ ಅರ್ಜಿ ಬೇಡ, ಪ್ರತಿ ಖಾತೆದಾರರೂ ಪ್ರತ್ಯೇಕವಾಗಿ ಕೊಡಲಿ. ಕೊಟ್ಟ ಮೇಲೆ ಕಚೇರಿಯ ಮೊಹರು, ದಿನಾಂಕ ಇರುವ ಸ್ವೀಕೃತಿ ತೆಗೆದುಕೊಂಡೇ ಹೊರಡಿ. ಮುಂದೆ ಹತ್ತು ವರ್ಷದ ನಂತರ ಯಾವುದಾದರೂ ಸಮಿತಿಯ ಮುಂದೆ ನಿಲ್ಲಬೇಕಾಗಿ ಬಂದರೆ ಮೊದಲು ಕೇಳುವ ಕಾಗದ ಅದು.